ಮದುವೆವರೆಗೂ ಕಾಯುತ್ತೇನೆ ಎಂದು ಆಣೆ ಮಾಡಿದವರು ಕಾಯುತ್ತಾರಾ?

ಪ್ರಶ್ನೆ: ಅಮೆರಿಕದಲ್ಲಿ ಎಲ್ಲವೂ ಮುಕ್ತ ಅಂದುಕೊಂಡಿದ್ದೆ. ಆದರೆ ಅಲ್ಲಿ ಹುಡುಗ ಹುಡುಗಿಯರು ಮದುವೆವರೆಗೂ ಸೆಕ್ಸ್ ಬೇಡ ಎಂದು ಆಣೆ ಮಾಡಿ ಉಂಗುರ ತೊಡುತ್ತಾರಂತೆ. ಅವರು ನಿಜವಾಗಿಯೂ ಕಾಯುತ್ತಾರಾ?

ಉತ್ತರ: ಹೆಚ್ಚಿನವರು ಕಾಯುವುದಿಲ್ಲ. ಹಾಗಂತ ಆಣೆ ಸುಮ್ನೆ ಹೋಯಿತು ಅಂತಲೂ ಅಲ್ಲ. ಅದರ ಪರಿಣಾಮ ಬೇರೆ ಕಡೆ ಕಾಣಿಸುತ್ತದೆ.

ಈ ಆಣೆ ಹಳೆಯ ಕಾಲದ್ದಲ್ಲ. ಸದರ್ನ್ ಬ್ಯಾಪ್ಟಿಸ್ಟ್ ಚರ್ಚ್‌ನವರು 1993ರಲ್ಲಿ 'ಟ್ರೂ ಲವ್ ವೇಟ್ಸ್' ಎಂಬ ಚಳವಳಿ ಶುರು ಮಾಡಿದರು. ಮಕ್ಕಳು ಒಂದು ಕಾರ್ಡಿಗೆ ಸಹಿ ಹಾಕಬೇಕು, ಅಷ್ಟೇ. ಮರುವರ್ಷವೇ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ಮೈದಾನದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಾರ್ಡುಗಳನ್ನು ನೆಟ್ಟರು. ಏಡ್ಸ್ ಭಯ, ಶಾಲೆಗೆ ಹೋಗುವ ಹುಡುಗಿಯರು ಬಸುರಾಗುತ್ತಿದ್ದಾರೆಂಬ ಚಿಂತೆ, ಎರಡೂ ಜೋರಾಗಿದ್ದ ಕಾಲ ಅದು.

ಆಮೇಲೆ ಸರ್ಕಾರವೂ ಕೈಜೋಡಿಸಿತು. ಮದುವೆವರೆಗೂ ಕಾಯಿರಿ ಎಂದು ಕಲಿಸುವ ಪಾಠಕ್ಕೆ ವರ್ಷಕ್ಕೆ 5 ಕೋಟಿ ಡಾಲರ್ ಕೊಡುವ ಕಾನೂನು 1996ರಲ್ಲಿ ಬಂತು. ಮದುವೆಯ ಹೊರಗಿನ ಸೆಕ್ಸ್ ಮನಸ್ಸಿಗೂ ದೇಹಕ್ಕೂ ಹಾನಿ ಮಾಡುವ ಸಾಧ್ಯತೆ ಇದೆ ಎಂದು ಕಲಿಸಬೇಕು ಅಂತ ಆ ಕಾನೂನಿನಲ್ಲೇ ಬರೆದಿತ್ತು. ಚರ್ಚ್‌ನ ನಂಬಿಕೆ ಹೀಗೆ ತರಗತಿಯೊಳಗೆ ಬಂತು.

ಫಲ ಏನು? ಸಂಶೋಧಕಿ ಜಾನೆಟ್ ರೋಸೆನ್‌ಬಾಮ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಆಣೆ ಮಾಡಿದ 289 ಮಂದಿಯನ್ನು ಅವರು ಎಲ್ಲರ ಜೊತೆ ಹೋಲಿಸಲಿಲ್ಲ. ಅಷ್ಟೇ ದೈವಭಕ್ತಿ ಇದ್ದು, ಅಂಥದ್ದೇ ಮನೆಯಲ್ಲಿ ಬೆಳೆದು, ಆಣೆ ಮಾತ್ರ ಮಾಡದವರ ಜೊತೆ ಹೋಲಿಸಿದರು. ಐದು ವರ್ಷದ ನಂತರ ನೋಡಿದರೆ, ಮದುವೆಗೆ ಮುಂಚಿನ ಸೆಕ್ಸ್ ವಿಷಯದಲ್ಲಿ ಎರಡೂ ಗುಂಪು ಒಂದೇ ಥರ. ಅಂದರೆ ಭಕ್ತಿಯ ಮನೆಯ ಮಕ್ಕಳು ಉಳಿದವರಿಗಿಂತ ತಡ ಮಾಡುವುದು ನಿಜವೇ. ಅದು ಮನೆಯ ಸಂಸ್ಕಾರದಿಂದ ಬಂದದ್ದು, ಉಂಗುರದಿಂದಲ್ಲ.

ಒಂದು ಮುಖ್ಯ ವ್ಯತ್ಯಾಸ ಕಂಡಿತು. ಆಣೆ ಮಾಡಿದವರು ಕಾಂಡೋಮ್, ಗರ್ಭನಿರೋಧಕ ಬಳಸಿದ್ದು ಕಡಿಮೆ. ನನ್ನನ್ನು ಕಾಡುವುದು ಇದೇ. ಕಾಂಡೋಮ್ ತಂದಿಟ್ಟುಕೊಂಡರೆ ಮೊದಲೇ ಯೋಚಿಸಿದ್ದೆ ಎಂದು ಒಪ್ಪಿಕೊಂಡಂತೆ ಅಲ್ವಾ? ತಯಾರಿಲ್ಲದೆ ಜಾರಿದರೆ 'ಏನೋ ಆಗಿಹೋಯಿತು' ಅನ್ನಬಹುದು. ಕಾಯಬೇಕೆಂಬ ಆಸೆಯಲ್ಲಿ ತಪ್ಪಿಲ್ಲ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಕಾಯಲಾಗದ ಮಗುವಿಗೆ ಯಾರೂ ಏನೂ ಹೇಳಿಕೊಡದೆ ಬಿಡುವುದು ಅನ್ಯಾಯ.

ಅದೇ ಅಧ್ಯಯನದ ಇನ್ನೊಂದು ಅಂಕಿ ಇದೆ. ಐದು ವರ್ಷದ ನಂತರ ಕೇಳಿದಾಗ, ಆಣೆ ಮಾಡಿದವರಲ್ಲಿ ಶೇ. 82 ಮಂದಿ ತಾವು ಆಣೆಯನ್ನೇ ಮಾಡಿರಲಿಲ್ಲ ಎಂದರು.