ಮೆಕ್ಕೆಜೋಳದ ಸೈನಿಕ ಹುಳು ಯಾವ ದಾರಿಯಲ್ಲಿ ಬಂತು?

2018ರ ಮೇ ತಿಂಗಳು. ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಹೊಸದೊಂದು ಹುಳು ಕಂಡಿತು. ಸುಳಿಯೊಳಗೆ ಸೇರಿ ಎಲೆ ತಿಂದು, ಅಲ್ಲೇ ಹಿಕ್ಕೆ ತುಂಬುತ್ತಿತ್ತು. ತಲೆಯ ಮೇಲೆ ತಲೆಕೆಳಗಾದ 'ವೈ' ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಫಾಲ್ ಸೈನಿಕ ಹುಳು ಎಂದು ಗುರುತಿಸಿದರು. ಭಾರತದಲ್ಲಿ ಅದೇ ಮೊದಲ ವರದಿ.

ಹುಳುವಿನ ತವರು ಅಮೆರಿಕ ಖಂಡ. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿತು. 2019ರ ಹೊತ್ತಿಗೆ ಚೀನಾ, 2020ರಲ್ಲಿ ಆಸ್ಟ್ರೇಲಿಯಾ. ಇಸವಿಗಳನ್ನು ಸಾಲಾಗಿ ಇಟ್ಟರೆ ಆಫ್ರಿಕಾದಿಂದ ಪೂರ್ವಕ್ಕೆ ಹಾರುತ್ತಾ ಬಂತು ಅನ್ನಿಸುತ್ತೆ, ಅಲ್ವಾ? ಇದರ ಪತಂಗ ಒಂದೇ ರಾತ್ರಿ ನೂರು ಕಿ.ಮೀ.ವರೆಗೆ ಹಾರಬಲ್ಲದು. ಹಾಗಾಗಿ ಆ ವಿವರಣೆ ಸುಲಭವಾಗಿ ಒಪ್ಪಿಗೆಯಾಯಿತು.

ಆದರೆ ಈ ಹುಳುವಿನಲ್ಲಿ ಎರಡು ಪಂಗಡಗಳಿವೆ ಎಂಬುದು ಅಮೆರಿಕದಲ್ಲಿ 1980ರ ದಶಕದಲ್ಲೇ ಗೊತ್ತಾಗಿತ್ತು. ಒಂದು ಹೆಚ್ಚಾಗಿ ಮೆಕ್ಕೆಜೋಳ, ಜೋಳ ತಿನ್ನುತ್ತೆ. ಇನ್ನೊಂದು ಭತ್ತ, ಹುಲ್ಲು. ನೋಡೋಕೆ ಎರಡೂ ಒಂದೇ. ಬೇರೆ ಮಾಡಲು ಡಿಎನ್‌ಎ ಪರೀಕ್ಷೆಯೇ ಬೇಕು.

ಸಾಮಾನ್ಯವಾಗಿ ಮಾಡುವ ಪರೀಕ್ಷೆ ಮೈಟೊಕಾಂಡ್ರಿಯದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ, ಒಂದು ಜೀನ್ ನೋಡುತ್ತೆ. ಭಾರತದ ಹೆಚ್ಚಿನ ಮಾದರಿಗಳಲ್ಲಿ ಸಿಕ್ಕಿದ್ದು ಭತ್ತದ ಪಂಗಡದ ಗುರುತು. ಹೊಲದಲ್ಲಿ ನೋಡಿದರೆ ಹಾಳಾಗುತ್ತಿದ್ದದ್ದು ಮೆಕ್ಕೆಜೋಳ! ಇನ್ನೊಂದು ಜೀನ್ ನೋಡಿದಾಗ ಗಂಟು ಸ್ವಲ್ಪ ಸಡಿಲವಾಯಿತು. ಲಿಂಗ ವರ್ಣತಂತುವಿನ ಮೇಲಿರುವ ಆ ಜೀನ್ ಬಹುಪಾಲು ಮೆಕ್ಕೆಜೋಳದ ಪಂಗಡದ ಗುರುತನ್ನೇ ತೋರಿಸಿತು. ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತೆ, ಈ ಇನ್ನೊಂದು ಜೀನ್ ತಂದೆಯಿಂದಲೂ ಬರುತ್ತೆ. ಅಂದರೆ ಎರಡೂ ಪಂಗಡಗಳು ಹಿಂದೆಂದೋ ಕೂಡಿದ್ದವು. ನಮ್ಮಲ್ಲಿಗೆ ಬಂದದ್ದು ಮಿಶ್ರ ಸಂತತಿ. ಒಂದೇ ಜೀನ್ ನೋಡಿ ಹಣೆಪಟ್ಟಿ ಹಚ್ಚುವುದು ಎಷ್ಟು ಅಪಾಯ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

2022ರಲ್ಲಿ ಇಡೀ ಜೀನೋಮ್, ಅಂದರೆ ಹುಳುವಿನ ಒಟ್ಟು ಡಿಎನ್‌ಎ, ಹೋಲಿಸಿದ ಅಧ್ಯಯನವೊಂದು ಪೂರ್ವಕ್ಕೆ ಹಾರುತ್ತಾ ಬಂತು ಎಂಬ ವಿವರಣೆಯನ್ನೇ ಅಲುಗಾಡಿಸಿತು. ಹುಳು ಹೊಸ ನೆಲಗಳಿಗೆ ಹಲವು ಸಲ ಬಂದಿರುವ ಗುರುತು ಅದರಲ್ಲಿತ್ತು. ಮೊದಲು ವರದಿಯಾದ ಊರೇ ಮೊದಲು ಬಂದ ಊರು ಆಗಬೇಕಿಲ್ಲ. ಹಾರಾಟದ ಜೊತೆಗೆ ಸರಕು ಸಾಗಣೆಯ ಪಾಲನ್ನೂ ಗಂಭೀರವಾಗಿ ನೋಡಬೇಕು.

ರೈತರಿಗೆ ಇದರಿಂದೇನು? ಬಹಳ ಇದೆ. ಹುಳು ಬರುವಾಗ ಬರಿಗೈಲಿ ಬರುವುದಿಲ್ಲ, ತನ್ನ ಊರಿನಲ್ಲಿ ಗಳಿಸಿದ ನಿರೋಧಕ ಶಕ್ತಿಯನ್ನೂ ತರುತ್ತೆ. ಪೋರ್ಟೊರಿಕೊದಲ್ಲಿ ಒಂದು ಬಗೆಯ ಬಿಟಿ ಮೆಕ್ಕೆಜೋಳಕ್ಕೆ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ತಳಿ) ಈ ಹುಳು ಕೆಲವೇ ವರ್ಷಗಳಲ್ಲಿ ಒಗ್ಗಿಕೊಂಡಿತು. ಆ ಬೀಜವನ್ನು ಅಲ್ಲಿ ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಆಫ್ರಿಕಾ, ಏಷ್ಯಾದ ಹುಳುಗಳಲ್ಲಿ ಹಳೆಯ ಆರ್ಗನೋಫಾಸ್ಫೇಟ್ ಔಷಧಿಗಳನ್ನು ತಾಳಿಕೊಳ್ಳುವ ಜೀನ್ ಬದಲಾವಣೆಗಳು ಸಿಕ್ಕಿವೆ. ಅಂಥ ಕಡೆ ಅದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ದುಡ್ಡು ಸುಮ್ನೆ ಹೋಗುತ್ತೆ, ಹುಳುವನ್ನು ತಿನ್ನುವ ಒಳ್ಳೆಯ ಕೀಟಗಳೂ ಸಾಯುತ್ತವೆ.

ದಾವಣಗೆರೆ, ಹಾವೇರಿಯಂಥ ಮೆಕ್ಕೆಜೋಳದ ಜಿಲ್ಲೆಗಳಲ್ಲಿ ಪ್ರತಿ ಹಂಗಾಮಿಗೂ ಹುಳು ಹಿಡಿದು ಜೀನ್ ಪರೀಕ್ಷೆ ಮಾಡಬೇಕು. ಫಲಿತಾಂಶ ರೈತ ಸಂಪರ್ಕ ಕೇಂದ್ರಕ್ಕೆ ಔಷಧಿ ಹೊಡೆಯುವ ಮೊದಲೇ ತಲುಪಬೇಕು.