ಅಕ್ಕೋರು ಪಾಠ ಯಾಕೆ ಬದಲಿಸಿದರು?

ಶ್ರಾವಣದಲ್ಲಿ ಗದಗ, ನವಲಗುಂದದ ಎರೆಹೊಲಗಳಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಜೋರು. ಶಾಲೆಗೆ ಮಕ್ಕಳು ಕಡಿಮೆ. ಅಂಥ ಒಂದು ದಿನ, ಕಾರ್ಡು-ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯ ಅಕ್ಕೋರು, ಅಂದರೆ ಶಿಕ್ಷಕಿ, ಕಾರ್ಡ್ ಬದಿಗಿಟ್ಟರು ಅಂದುಕೊಳ್ಳಿ. ಬಂದ ಮಕ್ಕಳ ಮುಂದೆ ಹೆಸರುಕಾಳು ಸುರಿದು, ಹತ್ತರ ಗುಂಪು ಮಾಡಿಸಿದರು. ಪಕ್ಕದೂರಿನ ಮಾಸ್ತರರು ಮಾತ್ರ, ಒಂದಾದ ಮೇಲೆ ಒಂದು ಏನು ಕಲಿಸಬೇಕು ಎಂದು ತೋರಿಸುವ ಕಲಿಕಾ ಏಣಿಯಲ್ಲಿದ್ದ ಚಟುವಟಿಕೆಯನ್ನೇ ಮುಗಿಸಿದರು. ಅಕ್ಕೋರಿಗೆ ಉತ್ಸಾಹ ಜಾಸ್ತಿ, ಮಾಸ್ತರರಿಗೆ ಕಡಿಮೆ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ, ಅಲ್ವಾ?

ಪಾಠದ ವಿಷಯದಲ್ಲಿ ಶಿಕ್ಷಕರು ತಾವೇ ಯೋಚಿಸಿ ನಿರ್ಧಾರ ಮಾಡುವುದನ್ನು ಸಂಶೋಧಕರು ವೃತ್ತಿಪರ ಕರ್ತೃತ್ವ ಎನ್ನುತ್ತಾರೆ. ಅದು ಹುಟ್ಟುಗುಣ ಅಲ್ಲ ಎಂಬುದು ಮಾರ್ಕ್ ಪ್ರೀಸ್ಟ್ಲಿ, ಗರ್ಟ್ ಬಿಯೆಸ್ಟಾ, ಸಾರಾ ರಾಬಿನ್ಸನ್ ಅವರ ವಾದ. ವ್ಯಕ್ತಿ ಮತ್ತು ಪರಿಸ್ಥಿತಿ ಎರಡೂ ಕೂಡಿದಾಗ ಮಾತ್ರ ಅದು ಸಾಧ್ಯವಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಹೊಸ ಪಠ್ಯಕ್ರಮ ಬಂದಾಗ ಇವರು ಶಾಲೆಗಳಿಗೇ ಹೋದರು. ತರಗತಿಯಲ್ಲಿ ಕೂತು ಪಾಠ ನೋಡಿದರು. ಶಿಕ್ಷಕರ ಜೀವನದ ಕಥೆ ಕೇಳಿದರು. ಕೆಲಸದ ಬಗ್ಗೆ ಅವರು ಯಾರ ಜೊತೆ ಮಾತಾಡುತ್ತಾರೆ ಎಂಬುದರ ನಕ್ಷೆ ಬರೆದರು. ಸರ್ಕಾರಿ ದಾಖಲೆಗಳನ್ನೂ ಓದಿದರು.

ಹೀಗೆ ನೋಡುವ ದಾರಿಯನ್ನು ಅವರು 1998ರಲ್ಲಿ ಎಮಿರ್‌ಬೇಯರ್ ಮತ್ತು ಮಿಶೆ ಎಂಬ ಸಮಾಜಶಾಸ್ತ್ರಜ್ಞರು ಬರೆದ ಪ್ರಬಂಧದಿಂದ ಪಡೆದರು. ಒಬ್ಬರ ನಿರ್ಧಾರ ಅರ್ಥವಾಗಬೇಕಾದರೆ ಅವರ ಹಿಂದಿನ ಅನುಭವ, ಮುಂದಿನ ಗುರಿ, ಈಗಿನ ಪರಿಸ್ಥಿತಿ ಮೂರನ್ನೂ ಒಟ್ಟಿಗೆ ನೋಡಬೇಕು.

ನಮ್ಮ ಅಕ್ಕೋರ ಹತ್ತಿರ ಹೋಗಿ "ನಿಮಗೆ ಸ್ವಾತಂತ್ರ್ಯ ಇದೆಯಾ?" ಎಂದು ಕೇಳಿದರೆ ಸುಮ್ನೆ "ಹೌದ್ರಿ" ಅನ್ನಬಹುದು. "ನಿನ್ನಿ ಆ ಪಾಠ ಯಾಕ ಬದಲಿ ಮಾಡಿದ್ರಿ?" ಎಂದು ಕೇಳಿದರೆ ಕಥೆ ಹೊರಬರುತ್ತದೆ. ಅವರು ಒಕ್ಕಲುತನದ ಮನೆಯವರಿರಬಹುದು. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರ ಬೆನ್ನಿಗೆ ನಿಂತಿರಬಹುದು. ಆ ಮಾಸ್ತರರದು ಇಬ್ಬರೇ ಶಿಕ್ಷಕರಿರುವ ಶಾಲೆ ಇರಬಹುದು. ಇನ್ನೊಬ್ಬರು ತರಬೇತಿಗೆ ಹೋಗಿದ್ದರೆ ಐದೂ ತರಗತಿ, ಬಿಸಿಯೂಟದ ಲೆಕ್ಕ, ಮೊಬೈಲಿನಲ್ಲಿ ಮಾಹಿತಿ ತುಂಬುವ ಕೆಲಸ ಎಲ್ಲಾ ಅವರ ತಲೆ ಮೇಲೆ. ಅವರಿಗೆ ಉತ್ಸಾಹ ಇಲ್ಲ ಎನ್ನುವುದು ಅನ್ಯಾಯ.

ಸ್ಕಾಟ್ಲೆಂಡಿನಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನಿಸುತ್ತದೆ. ಎಷ್ಟೋ ಶಿಕ್ಷಕರು ಪಠ್ಯಕ್ರಮದ ದಾಖಲೆಯ ಭಾಷೆಯಲ್ಲೇ ಮಾತಾಡುತ್ತಿದ್ದರು. ಶಿಕ್ಷಣ ಕೊನೆಗೆ ಯಾತಕ್ಕೆ ಎಂದು ದೂರಕ್ಕೆ ಯೋಚಿಸಿ ಹೇಳುವ ಮಾತು ಅವರಲ್ಲಿ ಕಡಿಮೆಯಿತ್ತು. ಸ್ವಾತಂತ್ರ್ಯ ಕಾಗದದ ಮೇಲೆ ಬಂದಿತ್ತು. ಅದನ್ನು ಬಳಸಲು ಬೇಕಾದ ಚರ್ಚೆ, ಬಿಡುವು ಬಂದಿರಲಿಲ್ಲ.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಕಾರ್ಡುಗಳನ್ನು ರೂಪಿಸಿದವರು ಶಿಕ್ಷಕರೇ. ಆಮೇಲೆ ಅದು ರಾಜ್ಯಕ್ಕೆಲ್ಲಾ ಸಿದ್ಧ ಸಾಮಗ್ರಿಯಾಗಿ ಹೋಯಿತು. ಈ ಬದಲಾವಣೆಯಿಂದ ಶಿಕ್ಷಕರ ನಿರ್ಧಾರಗಳು ಏನಾದವು ಎಂದು ಧಾರವಾಡದ ಸಂಶೋಧಕರು ಸುಗ್ಗಿಯಿಂದ ಪರೀಕ್ಷೆಯವರೆಗೆ ಒಂದೇ ತರಗತಿಯಲ್ಲಿ ಕೂತು ನೋಡಬೇಕು. ಹಾಜರಿ ಪುಸ್ತಕವನ್ನೂ ಅಕ್ಕೋರ ಮಾತನ್ನೂ ಪಕ್ಕಪಕ್ಕ ಇಟ್ಟುಕೊಂಡು.