ಬಾಕಿ ಕಂತಲ್ಲಿ ತಗೊಳ್ಳಿ ಅಂತ ಮನೆ ಮಾರೋರನ್ನ ಒಪ್ಸೋದು

ಶಿವಮೊಗ್ಗದಲ್ಲಿ ಮನೆ-ಸೈಟು ಕೊಡಿಸೋ ನನ್ನ ಹತ್ರ ವರ್ಷಾ ವರ್ಷಾ ಬರೋ ಗಿರಾಕಿ ಅಂದ್ರೆ ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆ ಬೆಳೆಗಾರರು. ಮಕ್ಕಳ ಓದಿಗೆ ಅಂತ ಪೇಟೇಲಿ ಒಂದು ಮನೆ ಬೇಕು, ಕೈಲಿ ಅರ್ಧಕ್ಕಿಂತ ಜಾಸ್ತಿ ದುಡ್ಡೂ ಇರುತ್ತೆ, ಆದ್ರೆ ಬ್ಯಾಂಕಿಗೆ ಹೋದ್ರೆ ಸ್ಯಾಲರಿ ಸ್ಲಿಪ್ ತನ್ನಿ, ಐಟಿ ರಿಟರ್ನ್ ತನ್ನಿ ಅಂತಾರೆ, ವರ್ಷಕ್ಕೊಂದ್ಸಲ ಬರೋ ಅಡಿಕೆ ದುಡ್ಡು ತಿಂಗಳ ಇಎಂಐಗೆ ಹೊಂದಲ್ಲ. ಆಗ ಮಾರೋರೇ ಬಾಕಿನ ಕಂತಲ್ಲಿ ತಗೊಂಡ್ರೆ ವ್ಯಾಪಾರ ಕುದುರುತ್ತೆ.

ಮೊದಮೊದಲು ನಾನು "ಒಳ್ಳೆ ಜನ ಸಾರ್, ನಂಬಿ" ಅಂತಿದ್ದೆ. ಕೆಲಸಕ್ಕೆ ಬರ್ಲಿಲ್ಲ.

ವಿನೋಬನಗರದಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರ ಮನೆ, ರೇಟು 40 ಲಕ್ಷ. "ಅಷ್ಟೂ ದುಡ್ಡು ಬಂದ್ರೆ ಏನ್ ಮಾಡ್ತೀರಿ ಮೇಷ್ಟ್ರೇ?" ಅಂದೆ. ಮಗಳ ಮದುವೆ ಸಾಲ ತೀರ್ಸಿ ಉಳಿದಿದ್ದು ಎಫ್‌ಡಿಗೆ ಅಂದ್ರು. ನನಗೆ ಅಷ್ಟೇ ಬೇಕಿತ್ತು. 24 ಲಕ್ಷ ಈಗ್ಲೇ, ಉಳಿದ 16 ಲಕ್ಷ ವರ್ಷಕ್ಕೆ 4 ಲಕ್ಷದಂಗೆ ನಾಲ್ಕು ಕಂತು, ಬಾಕಿ ಮೇಲೆ 9 ಪರ್ಸೆಂಟ್ ಬಡ್ಡಿ, ಮೊದಲ ವರ್ಷವೇ 1,44,000, ಒಟ್ಟು 3 ಲಕ್ಷದ 60 ಸಾವಿರ. ಕಂತಿನ ದಿನ ಮಾರ್ಚ್ ಕೊನೆಗೆ, ಅಡಿಕೆ ಕೊಯ್ದು, ಬೇಯ್ಸಿ, ಒಣಗ್ಸಿ ಮಂಡಿಗೆ ಹಾಕಿದ ಮೇಲೆ.

ಮೇಷ್ಟ್ರು ತಲೆ ಆಡ್ಸಿದ್ರು. ಅಷ್ಟರಲ್ಲಿ ಕಾಫಿ ತಂದಿಟ್ಟ ಅವರ ಮನೆಯವರು "ಅಲ್ಲ, ಮುಂದಿನ ವರ್ಷ ಕೊಳೆರೋಗ ಬಂತು, ಬೆಳೆ ಹೋಯ್ತು ಅಂತ ಕೈ ಎತ್ತಿದ್ರೆ?" ಅಂದ್ರು. ಒಪ್ಸಬೇಕಾಗಿದ್ದು ಇವರನ್ನ ಅಂತ ಆಗ ಗೊತ್ತಾಯ್ತು.

ಅದಕ್ಕೆ ಉತ್ತರ ಪತ್ರದಲ್ಲೇ ಇರ್ಬೇಕು. ಕ್ರಯಪತ್ರ ಆದ ದಿನವೇ ಅದೇ ಮನೆ ಮೇಲೆ ಮಾರಿದವರ ಹೆಸರಿಗೆ ಅಡಮಾನ ಪತ್ರ ಮಾಡ್ಸಿ ರಿಜಿಸ್ಟರ್ ಮಾಡ್ಸಿ, ಆಮೇಲೆ ಯಾರು ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರ್ಸೋ ಋಣಭಾರ ಪತ್ರ) ತೆಗೆದ್ರೂ ಸಾಲ ಕಾಣುತ್ತೆ, ಅದು ತೀರದೇ ಆ ಮನೆ ಕೈ ಬದಲಾಗೋದು ಕಷ್ಟ. ಕೊಡದೇ ಇದ್ರೆ ಕೋರ್ಟಿಂದ ಮನೆ ಹರಾಜು ಹಾಕ್ಸಿ ವಸೂಲಿ ಮಾಡ್ಬೋದು, ಆದ್ರೆ ಟೈಮ್ ಹಿಡಿಯುತ್ತೆ, ಅದನ್ನೂ ಮೇಷ್ಟ್ರ ಮನೆಯ ಆ ಅಮ್ಮನಿಗೆ ಮುಚ್ಚಿಡದೇ ಹೇಳ್ದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್‌ನಲ್ಲಿ ಬಾಕಿ ಹಣಕ್ಕೆ ಮಾರಿದವರಿಗೆ ಆಸ್ತಿ ಮೇಲೇ ಹಕ್ಕಿದೆ, ಆದ್ರೆ ಕ್ರಯಪತ್ರದಲ್ಲಿ ರೂಢಿ ಪ್ರಕಾರ "ಪೂರ್ತಿ ಹಣ ಮುಟ್ಟಿದೆ" ಅಂತ ಬರೆದುಬಿಟ್ರೆ ಬಾಕಿ ಇದೆ ಅಂತ ಸಾಬೀತು ಮಾಡೋಕೇ ಒದ್ದಾಡ್ಬೇಕು. ಹಿಂದೆ ಒಂದು ವ್ಯಾಪಾರದಲ್ಲಿ ಈ ಸಾಲು ನನ್ನ ಕಣ್ಣಿಗೆ ಬೀಳ್ಲಿಲ್ಲ, ಮಾರಿದವರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ.

ಟ್ಯಾಕ್ಸ್ ವಿಷಯ ಮೊದಲೇ ಹೇಳಿ. ದುಡ್ಡು ಕಂತಲ್ಲಿ ಬಂದ್ರೂ ಪೂರ್ತಿ ಬೆಲೆ ಹಿಡಿದು ಬಂದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಮಾರಿದ ವರ್ಷದ ಲೆಕ್ಕಕ್ಕೇ ಬರುತ್ತೆ, ಹಂಗಾಗಿ ಮೊದಲ ಹಣದಲ್ಲಿ ಅದೂ ಹೊಂದ್ಬೇಕು. ಕಂತು ಬ್ಯಾಂಕಲ್ಲೇ ಬರ್ಲಿ, 20,000 ಮುಟ್ಟಿದ್ರೆ ಕ್ಯಾಶ್ ಬೇಡ, ದಂಡ ಬೀಳೋದು ಕ್ಯಾಶ್ ತಗೊಂಡೋರಿಗೆ. ಇನ್ನು ಅಷ್ಟೂ ದುಡ್ಡು ಒಟ್ಟಿಗೇ ಬೇಕಾಗಿರೋರ ಹತ್ರ, ಆಸ್ಪತ್ರೆ ಖರ್ಚೋ ಇನ್ನೊಂದು ಮನೆಯೋ, ಕಂತಿನ ಮಾತೇ ಎತ್ತಬೇಡಿ.

ಮೇಷ್ಟ್ರ ಮನೇಲಿ ಕೊನೇ ಕಂತು ಮುಗಿದ ದಿನ ಎಲ್ರೂ ಕೈ ಕುಲುಕಿ ಹೊರಟಿದ್ರು, ಅಡಮಾನದ ರಿಲೀಸ್ ಪತ್ರ ರಿಜಿಸ್ಟರ್ ಮಾಡ್ಸೋದು ಯಾರಿಗೂ ನೆನಪಿರ್ಲಿಲ್ಲ, ಬಿಟ್ಟಿದ್ರೆ ಇಸಿಲಿ ಆ ಸಾಲ ಹಂಗೇ ಕೂತಿರ್ತಿತ್ತು. ನೆನಪು ಮಾಡಿದ್ದು ಅಮ್ಮನೇ.